ನಮ್ಮಲ್ಲಿ ನಿವೃತ್ತಿ ಯಂತ್ರಗಳಿಗೆ ಮಾತ್ರ

ನಮ್ಮ ಕಚೇರಿಯಲ್ಲಿ ಯಾರೂ ನಿವೃತ್ತರಾಗುವುದಿಲ್ಲ. ಹಾಗೆಂದು ಎಲ್ಲರೂ ಮುಪ್ಪಿನವರೆಗೆ ಕೂತು ದುಡಿಯುತ್ತಾರೆ ಎಂದಲ್ಲ. ಪೇಪರ್ ಹಾಕುತ್ತಾರೆ, ಪ್ರಾಜೆಕ್ಟ್ ಇಲ್ಲದೆ ಬೆಂಚಿಗೆ ಬೀಳುತ್ತಾರೆ, ಬೆಂಚಿನಿಂದ ಸದ್ದಿಲ್ಲದೆ ಕಾಣೆಯಾಗುತ್ತಾರೆ. ಶುಕ್ರವಾರ ಸಂಜೆ ಎಲ್ಲರಿಗೂ ಒಂದು ಮೇಲ್ ಬರುತ್ತದೆ: ಇಂದು ನನ್ನ ಕೊನೆಯ ದಿನ, ಸಹಕರಿಸಿದ ಎಲ್ಲರಿಗೂ ವಂದನೆ, ಕೆಳಗಿದೆ ನನ್ನ ಸ್ವಂತ ಫೋನ್ ನಂಬರು. ಸೋಮವಾರದ ಹೊತ್ತಿಗೆ ಆ ಕುರ್ಚಿಯನ್ನು ಪಕ್ಕದ ತಂಡದವರು ಎಳೆದುಕೊಂಡು ಹೋಗಿರುತ್ತಾರೆ. ಕೋಲ್ಕತ್ತದ ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಲ್ಲಿ ಕೂತು ಇಂಥ ಮೇಲ್‌ಗಳನ್ನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಒಬ್ಬರಿಗೆ ಹಾರ ಹಾಕಿ, ಶಾಲು ಹೊದಿಸಿ, ಮೈಕಿನಲ್ಲಿ ನಾಲ್ಕು ಹೊಗಳಿಕೆಯ ಸುಳ್ಳು ಹೇಳಿ, ಮನೆಯತನಕ ಬಿಟ್ಟುಬಂದದ್ದನ್ನು ಮಾತ್ರ ಇನ್ನೂ ನೋಡಿಲ್ಲ.

ತಮಾಷೆಯೆಂದರೆ ನನ್ನ ಅನ್ನ ಹುಟ್ಟುವುದೇ ನಿವೃತ್ತಿಯಿಂದ. ಇಂಗ್ಲೆಂಡಿನ ಒಂದು ಸಂಸ್ಥೆಗಾಗಿ ಪಿಂಚಣಿ ಲೆಕ್ಕ ಹಾಕುವ ಹಳೆಯ ಪ್ರೋಗ್ರಾಮುಗಳನ್ನು ಸಾಕಿಕೊಂಡಿರುವುದು ನಮ್ಮ ತಂಡದ ಕೆಲಸ. ಎಲ್ಲವೂ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವು. ಬರೆದ ಪುಣ್ಯಾತ್ಮರು ಈಗ ಅದೇ ಲೆಕ್ಕದ ಪಿಂಚಣಿ ಪಡೆಯುತ್ತಿರಬೇಕು. 2000ನೇ ಇಸವಿ ಹುಟ್ಟಿದ ರಾತ್ರಿ ಕಂಪ್ಯೂಟರುಗಳಿಗೆಲ್ಲ ಮತಿಭ್ರಮಣೆಯಾಗುತ್ತದೆ ಎಂಬ ವೈಟುಕೆ ಗಾಬರಿಯಲ್ಲಿ ಕೋಬಾಲ್ ಕಲಿತವರಿಗೆ ಕರೆದು ಕೆಲಸ ಕೊಟ್ಟರು. ನಾನೂ ಆ ಗಾಬರಿಯ ಕೂಸು. ಗಾಬರಿ ಮುಗಿದರೂ ಕೋಬಾಲ್ ಮುಗಿಯಲಿಲ್ಲ. ಎಲ್ಲೋ ದೂರದ ಊರಿನ ವಿಧವೆಯೊಬ್ಬಳಿಗೆ ಗಂಡನ ಪಿಂಚಣಿಯಲ್ಲಿ ಎಷ್ಟು ಪಾಲು ಬರಬೇಕು ಎಂದು ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ನನ್ನ ವಿಚಾರ ಕೇಳಬೇಡಿ.

ಕೇಳುವವರು ಒಬ್ಬರಿದ್ದಾರೆ, ಶಿವಮೊಗ್ಗದಲ್ಲಿ.

‘ಎಂತ ಮಗಾ, ನಿಂಗೆ ರಿಟೈರ್ಡು ಯಾವಾಗ?’

‘ಗೊತ್ತಿಲ್ಲಪ್ಪ.’

‘ಅದೆಂತ ಗೊತ್ತಿಲ್ಲ? ಡೇಟ್ ಆಫ್ ಬರ್ತ್ ಗೊತ್ತಿಲ್ವಾ?’

ಅಪ್ಪನ ಪಾಲಿಗೆ ನಿವೃತ್ತಿಯ ದಿನ ಹುಟ್ಟಿದ ದಿನದಲ್ಲೇ ಬರೆದಿರುತ್ತದೆ, ಕೂಡಿದರಾಯಿತು. ಅವರು ತಂತಿ ಕಚೇರಿಯಲ್ಲಿದ್ದವರು. ಶಾಲೆಯ ಮೇಷ್ಟ್ರು ಊರಿನ ಮಕ್ಕಳಿಗೆಲ್ಲ ಸಾರಾಸಗಟಾಗಿ ಜೂನ್ 1ನ್ನೇ ಹುಟ್ಟಿದ ದಿನವೆಂದು ಬರೆದುಕೊಂಡಂತೆ ಅವರಿಗೂ ಬರೆದರು, ವರ್ಷ 1939 ಎಂದರು. ಹಾಗಾಗಿ 1997ರ ಮೇ 31ಕ್ಕೆ ಐವತ್ತೆಂಟು ತುಂಬಿ ಮನೆಗೆ ಬಂದರು. ಮರುವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿವೃತ್ತಿ ವಯಸ್ಸನ್ನು ಅರವತ್ತಕ್ಕೆ ಏರಿಸಿತು. ಮೇಷ್ಟ್ರ ಪೆನ್ನು ಒಂದು ವರ್ಷ ಆಚೆ ಜಾರಿದ್ದರೆ ಇನ್ನೆರಡು ವರ್ಷ ಸಂಬಳ ಸಿಗುತ್ತಿತ್ತು ಎಂದು ಈಗಲೂ ಆ ಸತ್ತ ಮೇಷ್ಟ್ರನ್ನು ಬಯ್ಯುತ್ತಾರೆ. ಬೀಳ್ಕೊಡುಗೆಯಲ್ಲಿ ಸಹೋದ್ಯೋಗಿಗಳು ದುಡ್ಡು ಸೇರಿಸಿ ಒಂದು ಸೂಟ್‌ಕೇಸ್ ಕೊಟ್ಟಿದ್ದರು. ಎಲ್ಲಿಗೂ ಹೋಗದ ಮನುಷ್ಯನಿಗೆ ಸೂಟ್‌ಕೇಸ್! ಅದರ ತುಂಬ ಈಗ ಪಿಂಚಣಿ ಕಾಗದಗಳಿವೆ.

‘ನಿಮ್ಮಲ್ಲಿ ಎಂತ ಕೊಡ್ತಾರೆ?’

‘ಕೊಡೋದಿಲ್ಲಪ್ಪ. ಲ್ಯಾಪ್‌ಟಾಪ್ ವಾಪಸ್ ತಗೋತಾರೆ.’

‘ಚಾರ್ಜರು?’

‘ಅದನ್ನೂ.’

ಮಗಳು ಕಲ್ಕತ್ತಕ್ಕೆ ಹೋಗುತ್ತಾಳೆಂದಾಗ ಮನೆಯಲ್ಲಿ ಬೇಸರಪಡದವರು ಅಪ್ಪ ಒಬ್ಬರೇ. ಅವರ ಮಟ್ಟಿಗೆ ಅದು ತವರು. ಈ ದೇಶದ ತಂತಿ ಹುಟ್ಟಿದ್ದು ಇಲ್ಲೇ ತಾನೆ. ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ವಿಲಿಯಂ ಓಶಾನೆಸಿ ಎಂಬ ಐರಿಷ್ ವೈದ್ಯ 1839ರಲ್ಲಿ ತಂತಿ ಎಳೆದು ಪ್ರಯೋಗ ಮಾಡಿದ. ಅದೇ ವರ್ಷ ಭಂಗಿಸೊಪ್ಪಿನ ಔಷಧಿ ಗುಣಗಳ ಮೇಲೂ ಪ್ರಬಂಧ ಮಂಡಿಸಿದ. ಯಾವುದು ಯಾವುದಕ್ಕೆ ಪ್ರೇರಣೆಯಾಯಿತೋ! 1850ರ ದಶಕದ ಆರಂಭದಲ್ಲಿ ಕಲ್ಕತ್ತದಿಂದ ಹೂಗ್ಲಿ ನದಿಯ ಬಂದರು ಡೈಮಂಡ್ ಹಾರ್ಬರಿಗೆ ಮೊದಲ ತಂತಿ ಮಾರ್ಗ ಬಂತು. 2013ರ ಜುಲೈ 14ರಂದು ತಂತಿ ಸೇವೆ ನಿಂತಾಗ ಊರೂರಲ್ಲಿ ಜನ ಸಾಲುಗಟ್ಟಿ ಕೊನೆಯ ತಂತಿ ಕಳಿಸಿದರು. ಪತ್ರಿಕೆಗಳು ಶ್ರದ್ಧಾಂಜಲಿ ಬರೆದವು. ‘ನಾನು ಮೊದಲು ಇಳಿದೆ, ಅದು ಆಮೇಲೆ ಇಳೀತು. ಬಸ್ಸೇ ನಿಂತ ಮೇಲೆ ಇಳಿಯೋ ಪಾಡು ನಂಗೆ ಬರಲಿಲ್ಲ’ ಎಂದರು ಅಪ್ಪ. ಅವರ ಬೆರಳು ಈಗಲೂ ಸುಮ್ಮನೆ ಕೂತಾಗ ಕುರ್ಚಿಯ ಕೈ ಮೇಲೆ ಕಟ್ಟು ಕಡ ಎನ್ನುತ್ತಿರುತ್ತದೆ.

ಯಂತ್ರಗಳಿಗೆ ನಾವೂ ಶಾಸ್ತ್ರೋಕ್ತವಾಗಿ ನಿವೃತ್ತಿ ಕೊಡುತ್ತೇವೆ. ಒಂದು ಹಳೆಯ ಸರ್ವರನ್ನು ನಿಲ್ಲಿಸಬೇಕಾದರೆ ತಿಂಗಳುಗಟ್ಟಲೆ ಮೊದಲೇ ಎಲ್ಲರಿಗೂ ತಿಳಿಸಬೇಕು. ಅದರೊಳಗಿನ ಮಾಹಿತಿ ಎಲ್ಲಿಗೆ ಹೋಗಬೇಕು, ಯಾರು ಒಪ್ಪಿಗೆ ಸಹಿ ಹಾಕಬೇಕು, ಎಲ್ಲಕ್ಕೂ ಚೆಕ್‌ಲಿಸ್ಟ್. ಅದರಲ್ಲಿ ಅತಿ ಮುಖ್ಯವಾದ ಕಾಲಂ ಒಂದಿದೆ: ಇದನ್ನು ನೆಚ್ಚಿಕೊಂಡಿರುವವರು ಯಾರ್ಯಾರು? ಆ ಪಟ್ಟಿಯಲ್ಲಿ ಒಂದು ಹೆಸರು ಉಳಿದಿದ್ದರೂ ಸರ್ವರನ್ನು ಮುಟ್ಟುವಂತಿಲ್ಲ. ಮನುಷ್ಯರನ್ನು ಕಳಿಸುವ ಫಾರಮ್ಮುಗಳಲ್ಲಿ ಈ ಕಾಲಂ ಇಟ್ಟಿದ್ದನ್ನು ನಾನು ಕಂಡಿಲ್ಲ.

ಯಂತ್ರಗಳ ವಿಷಯದಲ್ಲಿ ಈ ಊರಿಗೆ ಹಿರಿತನವೂ ಇದೆ. ನಗರದ ಉತ್ತರಕ್ಕೆ, ಬಿ.ಟಿ. ರಸ್ತೆಯ ಬಾರಾನಗರದಲ್ಲಿ ಪ್ರಶಾಂತಚಂದ್ರ ಮಹಲನೋಬಿಸ್ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆ ಇದೆ, ಐಎಸ್‌ಐ ಎಂದರೆ ಎಲ್ಲರಿಗೂ ಗೊತ್ತು. ದೇಶದ ಮೊದಲ ಡಿಜಿಟಲ್ ಕಂಪ್ಯೂಟರು 1955ರಲ್ಲಿ ಬಂದಿಳಿದದ್ದು ಅಲ್ಲಿಗೆ. ಎಚ್‌ಇಸಿ-2ಎಂ ಎಂಬ ಹೆಸರಿನ ಬ್ರಿಟಿಷ್ ಯಂತ್ರ. ಅದಕ್ಕೂ ಎರಡು ವರ್ಷ ಮೊದಲೇ ಅಲ್ಲಿನ ಸಮರೇಂದ್ರ ಕುಮಾರ್ ಮಿತ್ರ ಹತ್ತು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಅನಲಾಗ್ ಯಂತ್ರವೊಂದನ್ನು ಇಲ್ಲೇ ಕಟ್ಟಿದ್ದರು. ಹೊರಗಿನಿಂದ ಬಂದದ್ದು ಹತ್ತಡಿ ಉದ್ದ, ಆಳೆತ್ತರದ ದೇಹ. ನೆನಪಿನ ಶಕ್ತಿಯೆಂದರೆ ತಿರುಗುವ ಡ್ರಮ್ಮಿನ ಮೇಲೆ 1024 ಪದಗಳು. ಬೆಲೆ ಸುಮಾರು ಎರಡು ಲಕ್ಷ ರೂಪಾಯಿ. ಸಂಸ್ಥೆಯ ಎಂಜಿನಿಯರುಗಳು ಇಂಗ್ಲೆಂಡಿಗೆ ಹೋಗಿ ಕಲಿತು ಬಂದು ಇಲ್ಲಿ ಜೋಡಿಸಿದರು. ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ಅದಕ್ಕೆ ಪ್ರಶ್ನೆ ಉಣಿಸಬೇಕಿತ್ತು. ಕೋಬಾಲ್ ಇನ್ನೂ ಹುಟ್ಟಿರಲಿಲ್ಲ, ಯಂತ್ರದ ಅಂಕಿಗಳಲ್ಲೇ ಬರೆಯಬೇಕು. 1959ರ ಹೊತ್ತಿಗೆ ಸೋವಿಯತ್ ದೇಶದ ಉರಾಲ್ ಯಂತ್ರ ಪಕ್ಕಕ್ಕೆ ಬಂತು, 1966ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ಜೊತೆ ಸೇರಿ ತಮ್ಮದೇ ಯಂತ್ರ ಕಟ್ಟಿದರು. ಅಂದರೆ ಬೆಂಗಳೂರು ಎಚ್‌ಎಎಲ್, ಐಟಿಐ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಕಂಪ್ಯೂಟರಿನ ರಾಜಧಾನಿ ಕಲ್ಕತ್ತ. ನಮ್ಮ ತಂಡದ ಬಂಗಾಳಿ ಹುಡುಗರಿಗೆ ಇದನ್ನು ಹೇಳಿದರೆ, ‘ಹಾಗಿದ್ದರೆ ನಾವ್ಯಾಕೆ ದಿದಿ ಟ್ರಾನ್ಸ್‌ಫರ್ ಕೇಳಿಕೊಂಡು ಬೆಂಗಳೂರಿಗೆ ಹೋಗಬೇಕು?’ ಎಂದು ನನ್ನನ್ನೇ ಕೇಳುತ್ತಾರೆ.

ಉತ್ತರದ ಒಂದು ತುಂಡು ನಮ್ಮ ಮನೆಯ ಕೆಳಗಿನ ಮಹಡಿಯಲ್ಲೇ ಇದೆ. ಕರುಣಾಮಯಿ ಹತ್ತಿರದ ಈ ಮನೆಯೊಡತಿ ಮಾಶಿಮಾ, ಪೂರ್ವ ರೈಲ್ವೆಯ ಫೇರ್ಲಿ ಪ್ಲೇಸ್ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ತೀರಿಹೋದ ಅವರ ಗಂಡ ಎಲ್‌ಐಸಿಯಲ್ಲಿದ್ದರು. 1960ರ ದಶಕದಲ್ಲಿ ಎಲ್‌ಐಸಿ ಕಲ್ಕತ್ತಕ್ಕೆ ಕಂಪ್ಯೂಟರ್ ತರಲು ಹೊರಟಾಗ, ಅದು ಬಂದರೆ ಗುಮಾಸ್ತರ ಅನ್ನ ಹೋಗುತ್ತದೆ ಎಂದು ನೌಕರರು ಇಲಾಕೊ ಕಟ್ಟಡಕ್ಕೆ ಹಗಲೂ ರಾತ್ರಿ ಕಾವಲು ಕೂತರು. ಮಾಶಿಮಾ ಅವರ ಗಂಡನೂ ಕಂಬಳಿ ಹೊದ್ದು ಸರದಿಯ ಮೇಲೆ ಕಾದವರೇ. ಗೆದ್ದೆವು ಎಂದು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರಂತೆ. ಅವರ ಒಬ್ಬನೇ ಮಗ ಈಗ ಬೆಳ್ಳಂದೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರು.

ಈ ಕಾವಲಿನ ಕಥೆ ಹೇಳಿ ಬಂಗಾಳವನ್ನು ಗೇಲಿ ಮಾಡುವುದು ನಮ್ಮ ಕ್ಯಾಂಟೀನಿನಲ್ಲಿ ಹಳೆಯ ರೂಢಿ. ದೇಶದ ಮೊದಲ ಮೊಬೈಲ್ ಕರೆ, 1995ರ ಜುಲೈ 31ರಂದು, ಬಂಗಾಳದ ಎಡಪಕ್ಷದ ಮುಖ್ಯಮಂತ್ರಿ ಜ್ಯೋತಿ ಬಸು ರೈಟರ್ಸ್ ಬಿಲ್ಡಿಂಗಿನಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್‌ಗೆ ಮಾಡಿದ್ದೆಂಬ ಒಗ್ಗರಣೆಯೂ ಬೀಳುತ್ತದೆ. ನಾನೂ ನಕ್ಕಿದ್ದುಂಟು. ಈಗೀಗ ನಗು ಸರಾಗವಾಗಿ ಬರುವುದಿಲ್ಲ. 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ದರ್ಜೆಯವರು ಎಂದೂ ಹೇಳಿತು. ಅಂದು ಕ್ಯಾಂಟೀನಿನಲ್ಲಿ ತಲೆ ನರೆತವರೆಲ್ಲ ಒಂದೇ ಮೇಜಿಗೆ ಬಂದು ಕೂತಿದ್ದೆವು, ಯಾರೂ ಕರೆಯದೆ. ನಾನು ವಾರಗಟ್ಟಲೆ ಓದಿ ಅರ್ಥ ಮಾಡಿಕೊಂಡಿದ್ದ ಕೋಬಾಲ್ ಪ್ರೋಗ್ರಾಮನ್ನು ಎಐ ನಾಲ್ಕು ಸಾಲಿನಲ್ಲಿ ವಿವರಿಸುತ್ತದೆ. ಮೂರು ಸಾಲು ಸರಿ, ಒಂದು ತಪ್ಪು. ಆ ತಪ್ಪು ಸಾಲನ್ನು ಗುರುತಿಸುವುದಕ್ಕೆ ಸದ್ಯಕ್ಕೆ ನನಗೆ ಸಂಬಳ. ಇಲಾಕೊ ಮುಂದೆ ಕೂತವರಿಗೆ ಯಂತ್ರ ಎದುರಿಗಿತ್ತು, ಬಾಗಿಲೂ ಒಂದಿತ್ತು. ನಾವು ಕಾಯೋಣವೆಂದರೆ ಯಾವ ಬಾಗಿಲು?

ಇಷ್ಟರ ಮೇಲೆ ಪಿಂಚಣಿ. ಇತರರ ಪಿಂಚಣಿಯನ್ನು ಪೈಸೆ ತಪ್ಪದೆ ಲೆಕ್ಕ ಹಾಕುವವಳು ಒಂದು ಮಧ್ಯಾಹ್ನ ನನ್ನದನ್ನೂ ಹಾಕಿಕೊಂಡೆ. 1995ರ ನೌಕರರ ಪಿಂಚಣಿ ಯೋಜನೆಯ ಸೂತ್ರ ಸರಳ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಬೇಕು. ಆದರೆ ಮಿತಿಯ ಮೇಲೆ ಹೆಚ್ಚಿಗೆ ಕಟ್ಟದ ನಮ್ಮಂಥವರಿಗೆ, 2014ರಿಂದ, ಸಂಬಳ ಎಷ್ಟೇ ಇರಲಿ 15,000 ರೂಪಾಯಿಯೆಂದೇ ಹಿಡಿಯುತ್ತಾರೆ. ಮೂವತ್ತೈದು ವರ್ಷ ದುಡಿದವನಿಗೂ ತಿಂಗಳಿಗೆ ಸುಮಾರು 7,500. ಅಪ್ಪನ ತುಟ್ಟಿಭತ್ಯೆ ವರ್ಷಕ್ಕೆರಡು ಸಲ ಏರುತ್ತದೆ, ಅದು ಏರಿದ ದಿನ ನನಗೆ ತಪ್ಪದೆ ಫೋನ್ ಬರುತ್ತದೆ. ನನ್ನ ಸಂಬಳ ಅವರ ಪಿಂಚಣಿಗಿಂತ ಎಷ್ಟೋ ಪಾಲು ಹೆಚ್ಚು, ನಿಜ. ಆದರೂ ಮಾತಿನ ಕೊನೆಗೆ ಧೈರ್ಯ ಹೇಳುವವರು ಅವರೇ.

ಹಾಗೆ ನೋಡಿದರೆ ನಿವೃತ್ತಿಯನ್ನು ಪೂರಾ ಸುಳ್ಳು ಮಾಡಿದ ಮನುಷ್ಯನೂ ನಮ್ಮ ಕಡೆಯಿಂದಲೇ ಇಲ್ಲಿಗೆ ಬಂದವರು. ಸಿ.ಆರ್. ರಾವ್ 1920ರಲ್ಲಿ ಹೂವಿನ ಹಡಗಲಿಯಲ್ಲಿ, ತೆಲುಗು ಮನೆಯಲ್ಲಿ ಹುಟ್ಟಿದರು. ಕಲ್ಕತ್ತಕ್ಕೆ ಬಂದದ್ದು ಸೈನ್ಯದ ಸರ್ವೆ ವಿಭಾಗದ ಒಂದು ನೌಕರಿ ಹುಡುಕಿಕೊಂಡು. ಅದು ಸಿಗಲಿಲ್ಲ. ಆ ಓಡಾಟದಲ್ಲೇ ಐಎಸ್‌ಐ ಪರಿಚಯವಾಗಿ, 1941ರಲ್ಲಿ ಅಲ್ಲಿ ಸೇರಿದರು. ಇಪ್ಪತ್ತೈದನೇ ವಯಸ್ಸಿನಲ್ಲಿ, 1945ರಲ್ಲಿ, ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನ ಜಗತ್ತಿನ ಸಂಖ್ಯಾಶಾಸ್ತ್ರದ ಪಠ್ಯಗಳಲ್ಲೆಲ್ಲ ಸೇರಿಹೋಯಿತು. ಐಎಸ್‌ಐ ಬಿಟ್ಟ ಮೇಲೆ ಅಮೆರಿಕಕ್ಕೆ ಹೋಗಿ ಪಿಟ್ಸ್‌ಬರ್ಗ್, ಪೆನ್ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು ಇಡೀ ವೃತ್ತಿಜೀವನ ನಡೆಸಿದರು. 2023ರಲ್ಲಿ, 102ರ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಎಚ್‌ಆರ್‌ನವರು ಇಂಥವರ ಫೋಟೊ ಹಾಕಿ, ದುಡಿಯುತ್ತಲೇ ಇರಿ ಎಂದು ಪೋಸ್ಟರ್ ಅಂಟಿಸುತ್ತಾರೆ. ನನಗೆ ಹುರುಪಿಗಿಂತ ಹೆದರಿಕೆಯೇ ಹೆಚ್ಚಾಗುತ್ತದೆ. ರಾವ್ ಅವರಿಗೆ ಅವರ ಕೆಲಸ ಸ್ವಂತದ್ದಾಗಿತ್ತು. ಸ್ಪ್ರೆಡ್‌ಶೀಟ್ ತುಂಬುವವಳಿಗೆ ಆ ಉಪದೇಶ ನಡೆಯದು. ನನಗೆ ಬೇಕಾದದ್ದು ಹಾರ, ಶಾಲು, ಒಂದು ಬೇಡದ ಸೂಟ್‌ಕೇಸು. ಮಾರನೆಯ ದಿನ ಎಂಟು ಗಂಟೆಯವರೆಗೆ ನಿದ್ದೆ.

ಬೆಂಗಳೂರನ್ನು ಒಂದು ಕಾಲಕ್ಕೆ ಪಿಂಚಣಿದಾರರ ಸ್ವರ್ಗ ಎನ್ನುತ್ತಿದ್ದರು. ಆ ಬಿರುದನ್ನು ಕಸಿದದ್ದು ನಮ್ಮ ಉದ್ಯಮವೇ. ಈಗ ಅದು ಸಾಲ್ಟ್ ಲೇಕಿಗೆ ಸರಿಯಾಗಿ ಒಪ್ಪುತ್ತದೆ. ಬೀದಿಬೀದಿಯಲ್ಲಿ ಎರಡಂತಸ್ತಿನ ಮನೆ, ಮನೆಗೊಬ್ಬಿಬ್ಬರು ಮುದುಕರು. ಮಕ್ಕಳು ವೈಟ್‌ಫೀಲ್ಡಿನಲ್ಲೋ ಬೆಳ್ಳಂದೂರಿನಲ್ಲೋ. ಮಾಶಿಮಾಗೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನ ಸ್ಥಿತಿ ನನಗಿಂತ ಚೆನ್ನಾಗಿ ಗೊತ್ತು. ಮಗ ಅಲ್ಲಿದ್ದಾನೆ, ಹಾಗಾಗಿ ಅವರ ಫೋನ್ ಕೆಟ್ಟರೆ ನಾನು ನೋಡುತ್ತೇನೆ. ನಾನು ಇಲ್ಲಿದ್ದೇನೆ, ಹಾಗಾಗಿ ಅಪ್ಪನ ಫೋನನ್ನು ಪಕ್ಕದ ಮನೆಯ ಡಿಪ್ಲೊಮಾ ಹುಡುಗ ನೋಡುತ್ತಾನೆ. ಅವನೂ ಓದು ಮುಗಿಸಿ ಬೆಂಗಳೂರಿಗೆ ಹೊರಟಿದ್ದಾನಂತೆ. ಮುಂದೇನೋ.

ನವೆಂಬರ್ ಬಂದರೆ ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ತೋರಿಸಬೇಕು. ಮೊದಲು ಬ್ಯಾಂಕಿಗೆ ಹೋಗಿ ಎದುರು ನಿಲ್ಲಬೇಕಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಬಂದು ಹೆಬ್ಬೆರಳು ಒತ್ತಿದರೆ ಸಾಕಾಯಿತು. ಅಪ್ಪನಂತೆ ಬೆರಳಿನ ಗೆರೆಯೇ ಸವೆದವರ ಪಾಡು ಕಷ್ಟ. 2021ರಿಂದ ಫೋನಿಗೆ ಮುಖ ತೋರಿಸಿದರೂ ನಡೆಯುತ್ತದೆ. ಈ ಸಲ ಮಾಶಿಮಾಗೆ ನಾನೇ ಮಾಡಿಕೊಟ್ಟೆ. ಗಂಜಿ ಹಾಕಿದ ಬಿಳಿ ತಾಂತ್ ಸೀರೆ ಉಟ್ಟು, ತಲೆ ಬಾಚಿಕೊಂಡು, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತರು. ಕಣ್ಣು ಮಿಟುಕಿಸಿ ಎಂದು ಫೋನ್ ಕೇಳುತ್ತಲೇ ಇತ್ತು. ಸ್ಟುಡಿಯೊದಲ್ಲಿ ಕಣ್ಣು ಮಿಟುಕಿಸಿದರೆ ಫೋಟೊ ಹಾಳಾಗುತ್ತಿದ್ದ ಕಾಲದವರು, ರೆಪ್ಪೆ ಅಲ್ಲಾಡಿಸಲು ಸುತರಾಂ ಒಪ್ಪಲಿಲ್ಲ. ಕೊನೆಗೆ ಅವರ ಬೆಕ್ಕು ಮಡಿಲಿಗೆ ಹಾರಿದಾಗ ಬೆಚ್ಚಿ ಕಣ್ಣು ಬಡಿದರು. ಫೋನ್ ಒಪ್ಪಿಕೊಂಡಿತು. ಪ್ರಮಾಣದ ನಂಬರಿನೊಂದಿಗೆ ಮೆಸೇಜು ಬಂತು.

‘ಆಯಿತೇ? ನಾನು ಬದುಕಿದ್ದೀನಿ ಅಂತ ಅವರಿಗೆ ಗೊತ್ತಾಯಿತೇ?’

‘ಗೊತ್ತಾಯಿತು ಮಾಶಿಮಾ.’

‘ಹಾಗಾದರೆ ಅದನ್ನೇ ಬೆಂಗಳೂರಿಗೂ ಒಂದು ಕಳಿಸಿಬಿಡು.’

ಕಳಿಸಿದೆ. ಮೀಟಿಂಗಿನಲ್ಲಿದ್ದನೋ ಏನೋ, ಮಗ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ.