ಗೋವಾದ ಹೊಳೆದಂಡೆಯಲ್ಲಿ ನಮ್ಮೂರ ಬಾಗಿಲು

ಗೋವಾ ಅಂದರೆ ಬೇರೆಯವರಿಗೆ ಸಮುದ್ರ ನೆನಪಾಗಬಹುದು. ನಮ್ಮ ಕಡೆ ನೆನಪಾಗುವುದು ಅಲ್ಲಿ ದುಡಿಯಲು ಹೋದ ಮಂದಿ. ಮಳೆ ಕೈಕೊಟ್ಟ ವರ್ಷ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದವರು ನಿಮ್ಮ ಓಣಿಯಲ್ಲೂ ಇರಬಹುದು.

ನಾವು ಮೂವರು, ವಿಜಯಪುರದವರೊಬ್ಬರು, ತಿಕೋಟಾದವರೊಬ್ಬರು, ಬಬಲೇಶ್ವರದವರೊಬ್ಬರು, ರಾತ್ರಿ ಬಸ್ಸಿಗೆ ಅಲ್ಲಿಗೆ ಹೋದದ್ದು ಒಂದು ಕಮಾನು ನೋಡಲು. ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲಿ ಟೇಗಸ್ ನದಿಯ ದಂಡೆಗೆ ಹಡಗಿನ ಆಕಾರದ ದೊಡ್ಡ ಸ್ಮಾರಕವಿದೆ. ಸಮುದ್ರಯಾನ ಮಾಡಿದವರ ನೆನಪಿಗೆ 1960ರಲ್ಲಿ ನಿಲ್ಲಿಸಿದ್ದು, ಅದರ ಮೇಲೆ 33 ಮಂದಿಯ ಮೂರ್ತಿಗಳಿವೆ. ಅದನ್ನು ನಾವು ಫೋನಿನಲ್ಲಷ್ಟೇ ನೋಡಿದ್ದೇವೆ. ಆದರೆ ಅಂಥದ್ದೇ ಒಂದು, ಅದಕ್ಕಿಂತ ಎಷ್ಟೋ ಹಳೆಯದು, ನಮ್ಮ ಮಂದಿ ದುಡಿಯುವ ಗೋವಾದಲ್ಲೇ ಇದೆ.

ಪಣಜಿಯಿಂದ ಸುಮಾರು 10 ಕಿ.ಮೀ. ದೂರ ಹಳೇ ಗೋವಾ. ಅಲ್ಲಿ ಮಾಂಡೋವಿ ನದಿಯ ದಂಡೆಯಲ್ಲಿದೆ ವೈಸರಾಯ್ ಕಮಾನು. ಮಾಂಡೋವಿ ಅಂದರೆ ಬೇರೆ ಅಲ್ಲ, ನೀರಿಗಾಗಿ ನಮ್ಮ ಉತ್ತರ ಕರ್ನಾಟಕದವರು ವರ್ಷಗಟ್ಟಲೆ ಹೋರಾಡಿದ ಮಹದಾಯಿಯೇ.

ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಯ ಹತ್ತಿರ ಬಂದಿಳಿದ. ಅದಕ್ಕೆ ನೂರು ವರ್ಷ ತುಂಬಿದಾಗ ಅವನ ಮರಿಮಗ ಫ್ರಾನ್ಸಿಸ್ಕೋ ಡ ಗಾಮ ಗೋವಾದ ವೈಸರಾಯ್ ಆಗಿದ್ದ. ಮುತ್ತಜ್ಜನ ನೆನಪಿಗೆ ಈ ಕಮಾನು ಕಟ್ಟಿಸಿದ. ಹಡಗಿನಲ್ಲಿ ಬಂದ ಹೊಸ ವೈಸರಾಯ್‌ಗಳು ಇದರೊಳಗಿಂದಲೇ ಊರು ಹೊಗುತ್ತಿದ್ದರು. ಈಗ ನಿಂತಿರುವುದು 1954ರಲ್ಲಿ ಮತ್ತೆ ಕಟ್ಟಿದ್ದು.

ನದಿಯ ಕಡೆಗೆ ಗಾಮನ ಮೂರ್ತಿ ಇದೆ. ಊರಿನ ಕಡೆಗೆ ಹೋಗಿ ತಲೆ ಎತ್ತಿ ನೋಡಿದೆವು. ಅಲ್ಲಿ ಒಬ್ಬ ಹೆಣ್ಣುಮಗಳ ಮೂರ್ತಿ. ಅವಳ ಕಾಲ ಕೆಳಗೆ ಒಬ್ಬ ಮನುಷ್ಯ ಬಿದ್ದಿದ್ದಾನೆ. ಬಿದ್ದವನು ಈ ನೆಲದವನು. ನಮ್ಮ ಮೂವರ ಮಾತು ನಿಂತೇ ಹೋಯಿತು.

ಯಾಕೆಂದರೆ ಗೋವಾ ಆಗ ಯಾರ ಕೈಯಿಂದ ಹೋಯಿತು? ನಮ್ಮ ವಿಜಯಪುರದ ಆದಿಲ್‌ಶಾಹಿಯ ಕೈಯಿಂದ. 1510ರಲ್ಲಿ ಅಲ್ಬುಕರ್ಕ್ ಒಮ್ಮೆ ಊರು ಹಿಡಿದ. ಆದಿಲ್‌ಶಾಹಿ ಸೈನ್ಯ ಅವನನ್ನು ಓಡಿಸಿತು. ಅದೇ ವರ್ಷ ನವೆಂಬರ್ 25ಕ್ಕೆ ಮತ್ತೆ ಬಂದು ಹಿಡಿದವನು ಬಿಡಲಿಲ್ಲ. ಅರಬ್ ಮತ್ತು ಇರಾನಿನ ಕುದುರೆಗಳು ಹಡಗಿನಲ್ಲಿ ಬಂದಿಳಿಯುತ್ತಿದ್ದ ಬಂದರು ಅದು. ಕುದುರೆ ಇಲ್ಲದೆ ಆಗ ಯಾವ ರಾಜ್ಯವೂ ಯುದ್ಧಕ್ಕೆ ನಿಲ್ಲುವಂತಿರಲಿಲ್ಲ.

ಕಮಾನಿನ ಸಮೀಪವೇ, ಸಂತ ಕಾಜೆತಾನ ಚರ್ಚಿನ ಹತ್ತಿರ, ಕರಿಕಲ್ಲಿನ ಒಂದು ಬಾಗಿಲು ನಿಂತಿದೆ. ಮನೆ ಇಲ್ಲ, ಗೋಡೆ ಇಲ್ಲ, ಬಾಗಿಲಷ್ಟೇ. ಅದು ಆದಿಲ್‌ಶಾಹನ ಅರಮನೆಯ ಬಾಗಿಲು. ಗೆದ್ದ ಮೇಲೆ ಪೋರ್ಚುಗೀಸ್ ವೈಸರಾಯ್‌ಗಳು ಅದೇ ಅರಮನೆಯಲ್ಲಿ ವಾಸವಿದ್ದರು.

ಕಮಾನಿನೊಳಗಿಂದ ಹೋಗುವ ದಾರಿ ಫೆರಿ ಕಟ್ಟೆಗೆ ಮುಟ್ಟುತ್ತದೆ. ಅಲ್ಲಿಂದ ದಿವಾಡಿ ನಡುಗಡ್ಡೆಗೆ ಜನ ದಾಟುತ್ತಾರೆ. ಫೆರಿಗಾಗಿ ನಿಂತಿದ್ದ ಒಬ್ಬರು ನಮ್ಮ ಮಾತು ಕೇಳಿ ತಿರುಗಿದರು.

"ಯಾವೂರು ತಮ್ಮಾ ನಿಮ್ದು?"

ಅವರು ತಿಕೋಟಾ ಹತ್ತಿರದ ಹಳ್ಳಿಯವರು. ಗೌಂಡಿ ಕೆಲಸ, ಆಗ ನಡುಗಡ್ಡೆಯಲ್ಲಿ ಒಂದು ಮನೆ ಕಟ್ಟುತ್ತಿದ್ದರು. ಕಮಾನಿನ ಕಥೆ ಹೇಳಿದೆವು.

"ದಿನಾ ಇದರಾಗ ಹಾದು ಹೊಕ್ಕೀನಿ. ಒಮ್ಮೆನೂ ಮ್ಯಾಲ ನೋಡಿಲ್ಲ ನೋಡ್ರಿ," ಎಂದರು. ಸ್ವಲ್ಪ ಹೊತ್ತು ಮೂರ್ತಿ ನೋಡಿ ಕೇಳಿದರು, "ಇದನ್ನ ಕಟ್ಟಿದ ಗೌಂಡಿ ಹೆಸರು ಎಲ್ಲಿ ಐತಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಾಲ ಕೆಳಗೆ ಬಿದ್ದವನು ನಮ್ಮವನು ಅಂತ ನಮಗೆ ಸಿಟ್ಟು ಬಂದಿತ್ತು. ಆದರೆ ಆದಿಲ್‌ಶಾಹಿಗೂ ಮೊದಲು ಗೋವಾ ಕದಂಬರದಾಗಿತ್ತು, ವಿಜಯನಗರದ್ದಾಗಿತ್ತು, ಬಹಮನಿಯದಾಗಿತ್ತು. ಹಿಡಿದವರೆಲ್ಲ ದೊರೆಗಳೇ. ಗೋಳಗುಮ್ಮಟ ನೋಡಿ ಬರುವ ನಮಗೂ ಒಳಗೆ ಮಲಗಿದ ಮಹಮ್ಮದ್ ಆದಿಲ್‌ಶಾಹನ ಹೆಸರು ಗೊತ್ತು, ಕಲ್ಲು ಹೊತ್ತವರ ಒಂದು ಹೆಸರೂ ಗೊತ್ತಿಲ್ಲ.

ಸಂಜೆ ಕಾಕಾನ ಖೋಲಿಯಲ್ಲಿ ರೊಟ್ಟಿ, ಕೆಂಪು ಚಟ್ನಿ ಊಟ. ಆ ಮೆಣಸಿನಕಾಯಿ ಕೂಡ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು ಅಂದಾಗ ಅವರು ನಕ್ಕುಬಿಟ್ಟರು. "ಹಂಗಾರ ಅವರೂ ಬರೀ ಕಸಗೊಂಡು ಹೋಗಿಲ್ಲ ಅನ್ರಿ!"

ಮರುದಿನ ಕೆಲಸಕ್ಕೆ ಹೋಗುವ ಮುಂಚೆ ಕಾಕಾ ಒಂದು ಫೋಟೊ ತೆಗೆಯಲು ಹೇಳಿದರು. ನಾವು ಕಮಾನಿನ ಮುಂದೆ ನಿಲ್ಲಿ ಅಂದೆವು. "ಬ್ಯಾಡ, ಆ ಕರಿಬಾಗಿಲ ಮುಂದ ತಗೀರಿ. ಮನಿಗೆ ಕಳಿಸ್ತೀನಿ," ಅಂದರು. ಕೈಯಲ್ಲಿ ಕರಣಿ, ಊಟದ ಡಬ್ಬಿ ಹಿಡಿದೇ ನಿಂತರು.

ನಿಮ್ಮ ಮನೆಯವರು ಯಾರಾದರೂ ಗೋವಾದಲ್ಲಿ ದುಡಿಯುತ್ತಿದ್ದರೆ ಈ ಬರಹ ಅವರಿಗೆ ಕಳಿಸಿ. ರಜೆ ಸಿಕ್ಕ ಒಂದು ದಿನ ಹಳೇ ಗೋವಾಕ್ಕೆ ಹೋಗಲಿ, ಎರಡೂ ಬಾಗಿಲು ನೋಡಲಿ.