ಹೆಸರು ಹೊಡೆದುಹಾಕುವ ಕೆಲಸ

ಆ ರಿಜಿಸ್ಟರಿಗೆ ಕಂದು ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ಒಳಗೆ ಸ್ಕೇಲಿಟ್ಟು ಎಳೆದ ಐದು ಕಾಲಂ: ಹೆಸರು, ಎಂಪ್ಲಾಯಿ ನಂಬರು, ಯಾವ ಡೇಟಾಬೇಸು, ಯಾರು ಹೇಳಿದ್ದು, ಏಕೆ. 2003ರಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಡಿಬಿಎ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವನು, ಆಗಿ ಸೇರಿದಾಗ ನನಗೆ ವಹಿಸಿದ ಮೊದಲ ಜವಾಬ್ದಾರಿ ಅದು. ವಹಿಸಿದವರು ಹಿರಿಯ ಡಿಬಿಎ. ಆಫೀಸಿನಲ್ಲಿ ಎಲ್ಲರಿಗೂ ಅವರು ರಾಯರು. ಆಕ್ಸೆಸ್ ಬೇಕಾದವರು ಮ್ಯಾನೇಜರ್ ಸಹಿ ಮಾಡಿದ ಫಾರ್ಮು ಹಿಡಿದು ನಮ್ಮ ಟೇಬಲ್ಲಿಗೇ ಬರಬೇಕಿತ್ತು. ರಾಯರು ಫಾರ್ಮನ್ನು ಪಕ್ಕಕ್ಕಿಟ್ಟು, “ಏನಕ್ಕಪ್ಪಾ ಬೇಕು ನಿನಗೆ ಇದು?” ಎಂದು ಕೇಳುತ್ತಿದ್ದರು. ಉತ್ತರ ಸರಿಯೆನಿಸಿದರೆ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು, ನಾನು ಗ್ರ್ಯಾಂಟ್ ಕಮಾಂಡ್ ಟೈಪ್ ಮಾಡುತ್ತಿದ್ದೆ. ಎರಡು ದಿನದ ಕೆಲಸ. ಮ್ಯಾನೇಜರ್ ರಜೆಯಲ್ಲಿದ್ದರೆ ಒಂದು ವಾರ.

ಕೆಲಸ ಬಿಟ್ಟವರ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ. ಗೀಚಕೂಡದು, ವೈಟ್ನರ್ ಹಚ್ಚಕೂಡದು, ಕೆಳಗಿನ ಹೆಸರು ಓದುವಂತಿರಬೇಕು. ಇದು ರಾಯರ ಕಟ್ಟಪ್ಪಣೆ.

ಇಷ್ಟು ಕೇಳಿದರೆ ಆಗಿನದು ಭಾರೀ ಶಿಸ್ತಿನ ಕಾಲ ಅನ್ನಿಸೀತು. ಹಾಗೇನೂ ಇರಲಿಲ್ಲ. ಒರಾಕಲ್ ಡೇಟಾಬೇಸ್ ಜೊತೆಗೆ ಸ್ಕಾಟ್ ಎಂಬ ಯೂಸರ್, ಟೈಗರ್ ಎಂಬ ಪಾಸ್‌ವರ್ಡ್ ಬರುತ್ತಿತ್ತು. ಒಂದು, ಒರಾಕಲ್‌ನ ಮೊದಮೊದಲ ನೌಕರರಲ್ಲಿ ಒಬ್ಬರಾದ ಬ್ರೂಸ್ ಸ್ಕಾಟ್ ಅವರ ಹೆಸರು. ಇನ್ನೊಂದು, ಅವರ ಮನೆಯ ಬೆಕ್ಕಿನದು. ಆ ಬೆಕ್ಕನ್ನು ಅರಿಯದ ಡಿಬಿಎ ಆಗ ಇರಲಿಲ್ಲ. ನಮ್ಮ ಒಂದು ಸರ್ವರಿನಲ್ಲೂ ಅದು ವರ್ಷಗಟ್ಟಲೆ ಆರಾಮಾಗಿ ಮಲಗಿತ್ತು. ರಿಜಿಸ್ಟರಿನಲ್ಲಿ ಅದರ ಹೆಸರಿರಲಿಲ್ಲ, ಏಕೆಂದರೆ ಅದಕ್ಕಾಗಿ ಯಾರೂ ಫಾರ್ಮು ತಂದಿರಲಿಲ್ಲ.

ಕೆಂಪು ಗೆರೆಯ ಕಥೆಯೂ ಅಷ್ಟಕ್ಕಷ್ಟೆ. ಯಾರು ಕೆಲಸ ಬಿಟ್ಟರು ಎನ್ನುವುದು ನಮಗೆ ಗೊತ್ತಾಗುತ್ತಿದ್ದುದು ಬೀಳ್ಕೊಡುಗೆಯ ಕೇಕಿನಿಂದ. ಕೇಕಿನ ತುಂಡು ಮೂರನೇ ಮಹಡಿಯವರೆಗೂ ಬಂದರೆ ಹೆಸರು ಹೊಡೆಯುತ್ತಿದ್ದೆವು, ಬರದಿದ್ದರೆ ಇಲ್ಲ. 2006ರಲ್ಲಿ ಆಡಿಟರೊಬ್ಬರು ಎಚ್‌ಆರ್ ಪಟ್ಟಿ, ನಮ್ಮ ಯೂಸರ್ ಪಟ್ಟಿ ಎರಡನ್ನೂ ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಟ್ಟು ನೋಡಿದರು. ಹದಿನಾಲ್ಕು ತಿಂಗಳ ಹಿಂದೆ ಹೋದವರೊಬ್ಬರ ಲಾಗಿನ್ ಇನ್ನೂ ಚಾಲ್ತಿಯಲ್ಲಿತ್ತು, ಅದೂ ಸಂಬಳದ ಟೇಬಲ್‌ಗಳ ಮೇಲೆ. ಏನೂ ಆಗಲಿಲ್ಲ. ಡೇಟಾಬೇಸ್ ಇದ್ದದ್ದು ಕಟ್ಟಡದ ಒಳಗೆ, ಆಫೀಸಿನ ಲ್ಯಾನ್‌ಗೆ ತಾಗಿದ ಕಂಪ್ಯೂಟರಿನಿಂದ ಮಾತ್ರ ಅದು ಸಿಗುತ್ತಿತ್ತು. ನಾವು ಮರೆತದ್ದನ್ನು ಗೇಟಿನ ಸೆಕ್ಯುರಿಟಿಯವನು ಸಂಭಾಳಿಸುತ್ತಿದ್ದ: ಐಡಿ ಕಾರ್ಡ್ ಇಲ್ಲದವರನ್ನು ಅವನು ಒಳಗೆ ಬಿಡುತ್ತಿರಲಿಲ್ಲ.

2019ರಲ್ಲಿ ಆ ಗೇಟು ಲೆಕ್ಕಕ್ಕಿಲ್ಲದಂತಾಯಿತು. ಆಗ ನಾನು ಬೇರೆ ಕಂಪನಿಯಲ್ಲಿದ್ದೆ. ಡೇಟಾ ವೇರ್‌ಹೌಸ್ ಪೂರ್ತಿ ಸ್ನೋಫ್ಲೇಕ್ ಎಂಬ ಕ್ಲೌಡ್ ಸೇವೆಗೆ ಹೋಯಿತು. 2012ರಲ್ಲಿ ಸ್ನೋಫ್ಲೇಕ್ ಶುರು ಮಾಡಿದ ಮೂವರಲ್ಲಿ ಇಬ್ಬರು, ಬೆನ್ವಾ ದಾಜ್‌ವಿಲ್ ಮತ್ತು ತಿಯೆರಿ ಕ್ರುವಾನ್, ಒರಾಕಲ್‌ನಲ್ಲೇ ಪಳಗಿದವರು. ಹೀಗಾಗಿ ಗ್ರ್ಯಾಂಟ್, ಹಲವು ಗ್ರ್ಯಾಂಟ್‌ಗಳ ಕಟ್ಟಾದ ರೋಲ್ ಎಂಬ ಮಾತುಗಳೆಲ್ಲ ನನಗೆ ಹಳೆಯ ನೆಂಟರಂತೆ ಸಿಕ್ಕವು. ಬದಲಾದದ್ದು ಬಾಗಿಲು. ಈಗ ಅದೊಂದು ವೆಬ್ ವಿಳಾಸ; ಮೈಸೂರಿನ ಮನೆಯ ಲ್ಯಾಪ್‌ಟಾಪಿನಿಂದಲೂ ತೆರೆಯುತ್ತದೆ. ಮೊದಲು ನಲವತ್ತು ಜನ ಬಳಸುತ್ತಿದ್ದ ಕಡೆ ಒಂದೇ ವರ್ಷದಲ್ಲಿ ಆರುನೂರು ಜನರಾದರು. ಕೇಕು ನಂಬಿಕೊಂಡು ಕೂರುವ ಹಾಗಿರಲಿಲ್ಲ.

ಕಂಪನಿಯ ಎಲ್ಲರ ಲಾಗಿನ್ ನೋಡಿಕೊಳ್ಳುವ ಒಕ್ಟಾ ಎಂಬ ಸಾಫ್ಟ್‌ವೇರನ್ನು ಸ್ನೋಫ್ಲೇಕ್‌ಗೆ ಜೋಡಿಸಿದ್ದು ಒಂದು ಮಂಗಳವಾರ ಸಂಜೆ. ಇಬ್ಬರ ನಡುವಿನ ಮಾತುಕತೆ ಸ್ಕಿಮ್ ಎಂಬ ಪದ್ಧತಿಯಲ್ಲಿ. ಹೊಸಬ ಬಂದ, ಗುಂಪು ಬದಲಾಯಿತು, ಹಳಬ ಹೋದ ಎಂದು ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ತಿಳಿಸಲು 2015ರಲ್ಲಿ ಗೊತ್ತುಮಾಡಿದ ರೀತಿ ಅದು. ಮೊದಲು ಸ್ನೋಫ್ಲೇಕ್‌ನಲ್ಲಿ ಒಕ್ಟಾಗೆಂದೇ ಒಂದು ರೋಲ್ ಮಾಡಿ, ಯೂಸರ್ ಮತ್ತು ರೋಲ್ ಸೃಷ್ಟಿಸುವ ಅಧಿಕಾರ ಕೊಟ್ಟೆವು. ಆಮೇಲೆ ಸೆಕ್ಯುರಿಟಿ ಇಂಟಿಗ್ರೇಷನ್ ಎಂಬ ನಾಲ್ಕು ಸಾಲಿನ ಕಮಾಂಡ್. ಅದಾದ ಮೇಲೆ ಒಂದು ಉದ್ದನೆಯ ಟೋಕನ್ ಹುಟ್ಟಿಸಿ, ಕಾಪಿ ಮಾಡಿ, ಒಕ್ಟಾದ ಖಾನೆಗೆ ಅಂಟಿಸಿ, ಟೆಸ್ಟ್ ಒತ್ತುವುದು.

ಫೇಲ್. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಈ ಜೋಡಣೆಗೆ ನಾವೇ ಹಾಕಿದ್ದ ನೆಟ್‌ವರ್ಕ್ ಪಾಲಿಸಿ ಆಫೀಸಿನ ಐಪಿ ವಿಳಾಸಗಳನ್ನಷ್ಟೇ ಒಳಗೆ ಬಿಡುತ್ತಿತ್ತು, ಒಕ್ಟಾ ಹೊರಗಿನಿಂದ ಬಾಗಿಲು ಬಡಿಯುತ್ತಿತ್ತು. ಅದನ್ನು ಸರಿ ಮಾಡಿದರೆ ಮುಂದಿನ ತಕರಾರು. ಒಕ್ಟಾದ ಗುಂಪನ್ನು ತಳ್ಳಿದರೆ ಸ್ನೋಫ್ಲೇಕ್‌ನಲ್ಲಿ ಅದೇ ಹೆಸರಿನ ರೋಲ್ ಹುಟ್ಟಬೇಕು. ನಮ್ಮಲ್ಲಿ ಆ ಹೆಸರಿನದು ಆಗಲೇ ಇತ್ತು, ಅದರ ಯಜಮಾನಿಕೆ ಬೇರೆ ರೋಲ್‌ನ ಕೈಯಲ್ಲಿತ್ತು. ಯಜಮಾನಿಕೆ ಬರೆದುಕೊಡುವ ತನಕ ಒಕ್ಟಾ ಅದನ್ನು ಮುಟ್ಟಲಾರದು. ಖಾತೆ ಬದಲಾವಣೆ ಆಗದ ಜಮೀನಿನ ಹಾಗೆ. ಒಂದೊಂದೇ ರೋಲ್ ಹಿಡಿದು ಖಾತೆ ಮಾಡಿಸಿಕೊಟ್ಟು ಮುಗಿಸುವಾಗ ರಾತ್ರಿ ಹತ್ತೂವರೆ.

ಕೊನೆಗೆ ಒಂದು ಸುಳ್ಳು ಹೆಸರನ್ನು ಗುಂಪಿಗೆ ಸೇರಿಸಿ ಪರದೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಸ್ನೋಫ್ಲೇಕ್‌ನಲ್ಲಿ ಆ ಹೆಸರು ಬಂತು. ಒಕ್ಟಾದಲ್ಲಿ ಅದನ್ನು ನಿಷ್ಕ್ರಿಯ ಮಾಡಿದೆವು. ಸ್ನೋಫ್ಲೇಕ್‌ನಲ್ಲಿ ಹೆಸರು ಹೋಗಲಿಲ್ಲ. ಡಿಸೇಬಲ್ಡ್ ಎಂಬ ಕಾಲಂ ಟ್ರೂ ಆಯಿತು, ಅಷ್ಟೆ. ಹೆಸರು ಓದುವಂತೆಯೇ ಇತ್ತು. ರಾಯರಿಗೆ ಇದು ಒಪ್ಪಿಗೆಯಾಗುತ್ತಿತ್ತು.

ಎಚ್‌ಆರ್‌ನವರು ಕಡೆಯ ದಿನಾಂಕ ತುಂಬಿದರೆ ಸಾಕು, ಉಳಿದದ್ದು ತಾನಾಗಿ ಆಗುವ ವ್ಯವಸ್ಥೆ ಅದು. ಸರಿಯಾಗಿ ಆರು ತಿಂಗಳು ನಡೆಯಿತು. ಆ ಟೋಕನ್ನಿನ ಆಯಸ್ಸೇ ಆರು ತಿಂಗಳು. ಸ್ನೋಫ್ಲೇಕ್‌ನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಕ್ಯಾಲೆಂಡರಿನಲ್ಲಿ ಗುರುತು ಹಾಕದೇ ಬಿಟ್ಟವರು ನಾವು. ಟೋಕನ್ ಸತ್ತ ಮೇಲೆ ಮೂರು ವಾರ ಯಾರ ಹೆಸರಿನ ಮೇಲೂ ಗೆರೆ ಬೀಳಲಿಲ್ಲ. ಎಲ್ಲರೂ ಒಕ್ಟಾ ಮೂಲಕವೇ ಒಳಬರುತ್ತಿದ್ದರೆ ಅಡ್ಡಿಯಿರಲಿಲ್ಲ, ಅಲ್ಲಿಯೇ ತಡೆಯಾಗುತ್ತಿತ್ತು. ಆದರೆ ಹಳಬರಲ್ಲಿ ಕೆಲವರಿಗೆ ಜೋಡಣೆಗೂ ಮುಂಚಿನ ಸ್ನೋಫ್ಲೇಕ್ ಪಾಸ್‌ವರ್ಡು ಹಾಗೇ ಉಳಿದಿತ್ತು. ಮುಂಬಾಗಿಲಿಗೆ ಕಾವಲಿಟ್ಟು ಹಿತ್ತಿಲ ಚಿಲಕ ಮರೆತಿದ್ದೆವು. ಆ ಮೂರು ವಾರದಲ್ಲಿ ಬಿಟ್ಟುಹೋದ ಇಬ್ಬರು ಆ ಹಿತ್ತಿಲ ಕಡೆ ಬರಲಿಲ್ಲ ಎನ್ನುವುದು ಲಾಗಿನ್ ಇತಿಹಾಸ ನೋಡಿದ ಮೇಲೆ ಖಾತ್ರಿಯಾಯಿತು. ಅದೇ ವಾರ ಪಾಸ್‌ವರ್ಡುಗಳನ್ನೆಲ್ಲ ತೆಗೆದೆವು.

ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ. 2024ರಲ್ಲಿ ಸ್ನೋಫ್ಲೇಕ್ ಗ್ರಾಹಕರ ಖಾತೆಗಳಿಂದ ಡೇಟಾ ಕದ್ದ ಪ್ರಕರಣದಲ್ಲಿ, ಅಪಾಯಕ್ಕೆ ಸಿಕ್ಕಿರಬಹುದಾದ ಸುಮಾರು 165 ಸಂಸ್ಥೆಗಳಿಗೆ ಎಚ್ಚರಿಕೆ ಹೋಯಿತು. ತನಿಖೆ ನಡೆಸಿದ ಸೈಬರ್ ಭದ್ರತಾ ಸಂಸ್ಥೆ ಮ್ಯಾಂಡಿಯಂಟ್ ಹೇಳಿದ್ದು, ಸ್ನೋಫ್ಲೇಕ್‌ನ ಸ್ವಂತ ವ್ಯವಸ್ಥೆಗೆ ಯಾರೂ ಕನ್ನ ಹಾಕಿರಲಿಲ್ಲ ಎಂದು. ಕಳ್ಳರು ಒಳಬಂದದ್ದು ಬಳಕೆದಾರರ ಕಂಪ್ಯೂಟರಿಗೆ ಹೊಕ್ಕ ಮಾಲ್‌ವೇರ್ ಎಂದೋ ಎತ್ತಿಟ್ಟುಕೊಂಡ ಪಾಸ್‌ವರ್ಡುಗಳಿಂದ. ಕೆಲವು 2020ರಷ್ಟು ಹಿಂದಿನವು. ಬದಲಾಯಿಸಿದವರಿಲ್ಲ, ಎರಡನೇ ಪರೀಕ್ಷೆಯಾಗಿ ಎಂಎಫ್‌ಎ ಇಲ್ಲ. ಆ ಸುದ್ದಿ ಓದಿದ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಈಗ ಮೂರು ತಿಂಗಳಿಗೊಮ್ಮೆ ಆಕ್ಸೆಸ್ ರಿವ್ಯೂ. ಮ್ಯಾನೇಜರ ಮುಂದೆ ಅವರ ತಂಡದ ಪಟ್ಟಿ ಬರುತ್ತದೆ. ಪ್ರತಿ ಹೆಸರಿಗೂ ಇರಲಿ ಅಥವಾ ತೆಗೆಯಿರಿ ಅನ್ನಬೇಕು. ಒಬ್ಬರು ಇನ್ನೂರ ಹನ್ನೊಂದು ಸಾಲನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿದ ದಾಖಲೆ ನನ್ನ ಬಳಿ ಇದೆ. ಅವರನ್ನು ಬೈದು ಉಪಯೋಗವಿಲ್ಲ, ಎಲ್ಲವನ್ನೂ ಒಟ್ಟಿಗೆ ಒಪ್ಪುವ ಬಟನ್ ಕೊಟ್ಟವರು ನಾವೇ. “ಏಕೆ” ಕಾಲಂ ಈಗಲೂ ಇದೆ. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲವೆಂದು ಜನ ಅಲ್ಲಿ ಒಂದು ಚುಕ್ಕೆ ಇಟ್ಟು ಕಳಿಸುತ್ತಾರೆ. ಚುಕ್ಕೆಗೆ ಏನಕ್ಕಪ್ಪಾ ಅನ್ನುವವರು ಯಾರು?

ಮನುಷ್ಯರದಾದರೂ ಒಂದು ಹದಕ್ಕೆ ಬಂದಿದೆ. ಮನುಷ್ಯರ ಬದಲು ಪ್ರೋಗ್ರಾಮುಗಳು ಬಳಸುವ ಸರ್ವಿಸ್ ಅಕೌಂಟುಗಳದು ಬೇರೆ ಪಾಡು. ಅವು ಎಚ್‌ಆರ್ ಪಟ್ಟಿಯಲ್ಲಿಲ್ಲ, ರಾಜೀನಾಮೆ ಕೊಡುವುದಿಲ್ಲ, ಒಕ್ಟಾಗೆ ಅವು ಗೊತ್ತೇ ಇಲ್ಲ. ಪಾಸ್‌ವರ್ಡಿನ ಬದಲು ಒಂದು ಕೀ ಜೋಡಿ ಹಿಡಿದು ರಾತ್ರಿಯೆಲ್ಲ ಡೇಟಾ ಹೊರುತ್ತಿರುತ್ತವೆ. ಕಳೆದ ವರ್ಷ ಎಣಿಸಿದಾಗ ನಲವತ್ತಮೂರಿದ್ದವು, ಯಾರವೆಂದು ತಿಳಿದದ್ದು ಇಪ್ಪತ್ತೆಂಟು. ಅದರಲ್ಲೊಂದರ ಹೆಸರು ಟೆಸ್ಟ್ ಟೂ. ಪ್ರತಿರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಒಳಗೆ ಬಂದು ಒಂದು ಟೇಬಲ್ ಓದಿ ಹೋಗುತ್ತಿತ್ತು. ಎಲ್ಲ ತಂಡಗಳಿಗೂ ಮೇಲ್ ಹಾಕಿದೆ, ನಮ್ಮದೆಂದು ಯಾರೂ ಅನ್ನಲಿಲ್ಲ. ಒಂದು ಶುಕ್ರವಾರ ಅದನ್ನು ನಿಷ್ಕ್ರಿಯ ಮಾಡಿ ಮನೆಗೆ ಹೋದೆ. ಸೋಮವಾರ ಒಂಬತ್ತಕ್ಕೆ ಅಕೌಂಟ್ಸ್ ವಿಭಾಗದಿಂದ ಫೋನು: “ಸಾರ್, ಜಿಎಸ್‌ಟಿ ರಿಪೋರ್ಟ್ ಮೂರು ದಿನದಿಂದ ಬಂದಿಲ್ಲ.” ಅಕೌಂಟು ನಿಮ್ಮದಾ ಎಂದು ಕೇಳಿದೆ. “ಅಲ್ಲ ಸಾರ್, ರಿಪೋರ್ಟ್ ಮಾತ್ರ ನಮ್ಮದು.”

ಮತ್ತೆ ಚಾಲೂ ಮಾಡಿದೆ. ಮಾಲೀಕರ ಕಾಲಂ ಖಾಲಿ ಬಿಡುವಂತಿಲ್ಲವಲ್ಲ, ಸದ್ಯಕ್ಕೆ ಅಲ್ಲಿ ನನ್ನ ಹೆಸರು ಹಾಕಿಟ್ಟಿದ್ದೇನೆ.