ಅದು ನಿನ್ನ ಸಾಲವಲ್ಲ, ಅಪ್ಪ

ದಾವಣಗೆರೆ
ಮಂಗಳವಾರ ರಾತ್ರಿ

ತೀರ್ಥರೂಪ ಅಪ್ಪನಿಗೆ,

ನೀನು ಫೋನು ಆಫ್ ಮಾಡಿ ಟ್ರಂಕಿನಲ್ಲಿ ಇಟ್ಟಿದ್ದೀಯಂತೆ. ಅವ್ವ ಪಕ್ಕದ ಮನೆಯವರ ಫೋನಿನಿಂದ ಹೇಳಿದಳು. ಅದಕ್ಕೇ ಈ ಕಾಗದ. ನಾಳೆ ಹೊಸಹಳ್ಳಿಗೆ ಹೊರಟಿರುವ ಚಿಕ್ಕಪ್ಪನ ಮಗನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವ್ವ ಇನ್ನೊಂದು ಮಾತನ್ನೂ ಹೇಳಿದಳು. ಹುಣಸೆಹಣ್ಣಿನ ವ್ಯಾಪಾರಿಗೆ ಹೇಳಿ ಕಳಿಸಿದ್ದೀಯಂತೆ, ಬಂದ ರೇಟಿಗೆ ಕೊಟ್ಟು ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟಿಬಿಡುತ್ತೀಯಂತೆ. ಅಪ್ಪ, ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡ. ಈ ಕಾಗದ ಓದಿ ಮುಗಿಸುವವರೆಗಾದರೂ ತಡಿ.

ನಿನ್ನ ಮನಸ್ಸು ನನಗೆ ಗೊತ್ತು. 2018ರಲ್ಲಿ ಸಾಲ ಮನ್ನಾ ಆಗುತ್ತದೆಂದು ಊರಿಗೆ ಊರೇ ಸೊಸೈಟಿ ಕಡೆ ತಲೆ ಹಾಕದೆ ಕೂತಿದ್ದಾಗ, ಶೇಂಗಾ ಬೀಜಕ್ಕೆ ತಂದ ಸಾಲವನ್ನು ವಾಯಿದೆಗೆ ಮುಂಚೆಯೇ ಕಟ್ಟಿ ರಸೀದಿ ತಂದವನು ನೀನು. ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಮನೆಯ ಹೆಸರು ಒಂದು ತಿಂಗಳು ದಾಟಿ ಉಳಿದದ್ದನ್ನು ನಾನು ಕಂಡಿಲ್ಲ. ಅಂಥವನಿಗೆ ನನ್ನ ಮಗನ ವಯಸ್ಸಿನ ವಸೂಲಿ ಹುಡುಗನೊಬ್ಬ ಫೋನ್ ಮಾಡಿ, "ಮೇಷ್ಟ್ರಾಗಿದ್ದೋರು ಹಿಂಗ ಬಾಕಿ ಇಟ್ಕಂಡ್ರೆ ಹೆಂಗ್ರೀ" ಎಂದನಂತೆ. ಅವ್ವ ಅದನ್ನು ಹೇಳುವಾಗ ನನಗೆ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಯಿತು. ನೀನು ಊಟ ಬಿಟ್ಟದ್ದು ಯಾಕೆಂದು ಆಗ ತಿಳಿಯಿತು.

ಆದರೆ ಅಪ್ಪ, ನೀನು ತೆಗೆದುಕೊಳ್ಳದ ಸಾಮಾನಿಗೆ, ಕೇಳದ ಸಾಲಕ್ಕೆ ದುಡ್ಡು ಕಟ್ಟಿದರೆ ಮರ್ಯಾದೆ ಉಳಿಯುವುದಿಲ್ಲ. ಕಳ್ಳ ತಿಂದದ್ದನ್ನು ನೀನು ಒಪ್ಪಿಕೊಂಡ ಹಾಗಾಗುತ್ತದೆ. ನಾನು ಇಷ್ಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಡಿದ್ದೇನೆ, ನಿನ್ನಂಥವರೇ ಹೀಗೆ ಬಾಯಿ ಮುಚ್ಚಿಕೊಂಡು ಕಟ್ಟಿ ಹೋಗುತ್ತಾರೆ. ಪಿಂಚಣಿದಾರರು, ಮೇಷ್ಟ್ರುಗಳು, ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು. ಜಗಳ ಮಾಡುವವನ ದುಡ್ಡು ವಾಪಸ್ ಬರುತ್ತದೆ, ಮಾನಕ್ಕೆ ಅಂಜುವವನದು ಹೋಗುತ್ತದೆ. ನನಗೆ ಇದನ್ನು ಸಹಿಸಲು ಆಗುವುದಿಲ್ಲ.

ನಡೆದದ್ದನ್ನು ನಾನು ತಿಳಿದುಕೊಂಡ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಸಂಕ್ರಾಂತಿ ಕಳೆದ ಮೇಲೆ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಮೇಲಿಂದ ಮೇಲೆ ಮೂರು ಮೆಸೇಜು ಬಂದವು. ಮೂರೂ ಡಾಲರಿನ ಲೆಕ್ಕದಲ್ಲಿ. ಒಟ್ಟು ಮೂವತ್ತೆಂಟು ಸಾವಿರ ರೂಪಾಯಿಯ ಆಸುಪಾಸು. ನಿನಗೆ ಓಟಿಪಿ ಬರಲೂ ಇಲ್ಲ, ಯಾರೂ ಕೇಳಲೂ ಇಲ್ಲ. ಬೆಳಗಾಗುತ್ತಲೇ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿದೆ. ಆಮೇಲೆ ಸುಮ್ಮನಾದೆ.

ಕೊಟ್ಟೂರು ತೇರಿಗೆ ನಾವು ಇಲ್ಲಿಂದ ಪಾದಯಾತ್ರೆ ಬಂದು, ಹಾಗೇ ಊರಿಗೂ ಬಂದೆವಲ್ಲ, ಆಗ ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರನ್ನು ನೋಡಿದ್ದೆ. ಅಂಚಿನಲ್ಲಿ ಪೆನ್ಸಿಲಿನಿಂದ ಉದ್ದನೆಯ ಒಂದು ನಂಬರು, ಅದರ ಕೆಳಗೆ "ಬೆ. 9.10", ಅದರ ಕೆಳಗೆ ಫೋನಿನಲ್ಲಿ ಮಾತಾಡಿದ ಹುಡುಗಿಯ ಹೆಸರು. ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದ ಅದೇ ಅಕ್ಷರ. ಅವತ್ತು ಏನೆಂದು ಕೇಳಲಿಲ್ಲ, ನೀನೂ ಹೇಳಲಿಲ್ಲ. ಅಪ್ಪ, ಆ ಮೂರು ಸಾಲು ಬರೆದಿಟ್ಟೆಯಲ್ಲ, ಕೇಸಿನಲ್ಲಿ ಅದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ತಿಂಗಳು ಮುಗಿಯಿತೆಂದು ಅವ್ವ ಆ ಹಾಳೆಯನ್ನು ಹರಿದು ಒಲೆಗೆ ಹಾಕದಂತೆ ನೋಡಿಕೋ.

ಯಾಕೆಂದು ಹೇಳುತ್ತೇನೆ ಕೇಳು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಒಂದು ಸುತ್ತೋಲೆ ಕಳಿಸಿತು. ಗ್ರಾಹಕನ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ನಡುವೆ ಎಲ್ಲೋ ಕನ್ನ ಬಿದ್ದು ದುಡ್ಡು ಹೋಗಿದ್ದರೆ, ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವನ ಮೇಲೆ ಒಂದು ರೂಪಾಯಿಯ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ದಿನದೊಳಗಾದರೆ ಹೊಣೆಗೆ ಒಂದು ಮಿತಿ ಇದೆ. ಐದು ಲಕ್ಷದವರೆಗೆ ಮಿತಿ ಇರುವ ಕ್ರೆಡಿಟ್ ಕಾರ್ಡಿಗೆ ಅದು ಒಂದು ವಹಿವಾಟಿಗೆ ಹೆಚ್ಚೆಂದರೆ 10,000 ರೂಪಾಯಿ. ಬ್ಯಾಂಕಿನದೇ ತಪ್ಪಾಗಿದ್ದರೆ ನೀನು ಯಾವಾಗ ಹೇಳಿದರೂ ಹೊಣೆ ಅವರದೇ. ನೀನು ಮಾರನೆ ಬೆಳಿಗ್ಗೆಯೇ ಹೇಳಿದ್ದೀಯ. ಹೇಳಿದ ಹತ್ತು ಕೆಲಸದ ದಿನಗಳೊಳಗೆ ಅವರು ಆ ಮೊತ್ತವನ್ನು ತಾತ್ಕಾಲಿಕವಾಗಿ ನಿನ್ನ ಲೆಕ್ಕಕ್ಕೆ ಜಮಾ ಮಾಡಬೇಕಿತ್ತು, ಮಾಡಿಲ್ಲ. 90 ದಿನದೊಳಗೆ ತನಿಖೆ ಮುಗಿಸಿ ತೀರ್ಮಾನ ಹೇಳಬೇಕು. ಅದರ ಬದಲು ವಸೂಲಿ ಹುಡುಗರ ಕೈಗೆ ನಿನ್ನ ನಂಬರು ಕೊಟ್ಟಿದ್ದಾರೆ. ನಿಯಮ ಮುರಿದವರು ಅವರು, ತಲೆ ತಗ್ಗಿಸಿ ಕೂತವನು ನೀನು.

ಶಾಖೆಗೆ ಹೋದರೆ ಅಲ್ಲಿಯವರು ಒಂದು ಮಾತು ಹೇಳಬಹುದು: "ಕಾರ್ಡಿನ ನಂಬರು ನಿಮ್ಮ ಹತ್ತಿರ ಮಾತ್ರ ಇರುತ್ತೆ, ನೀವೇ ಯಾರಿಗೋ ಕೊಟ್ಟಿರಬೇಕು." ಅದಕ್ಕೆ ಹೆದರಬೇಡ. ಗ್ರಾಹಕನದೇ ತಪ್ಪು ಎಂದು ಸಾಬೀತು ಮಾಡುವ ಹೊರೆ ಬ್ಯಾಂಕಿನದು, ಅದೂ ಅದೇ ಸುತ್ತೋಲೆಯಲ್ಲಿದೆ. "ಕೊಟ್ಟಿರಬೇಕು" ಎಂಬುದು ಸಾಬೀತಲ್ಲ. ನಮ್ಮ ದೇಶದ ಜಾಲತಾಣಗಳಲ್ಲಿ ಕಾರ್ಡು ಬಳಸಿದರೆ ಓಟಿಪಿಯಂಥ ಎರಡನೇ ಬೀಗ ಇರಲೇಬೇಕೆಂಬ ನಿಯಮ 2009ರಿಂದ ಇದೆ. ಹೊರದೇಶದ ಎಷ್ಟೋ ಅಂಗಡಿಗಳಿಗೆ ಅದು ಬೇಕಿಲ್ಲ. ಕಾರ್ಡಿನ ನಂಬರು, ಅವಧಿಯ ತಿಂಗಳು ವರ್ಷ, ಹಿಂದಿನ ಮೂರು ಅಂಕಿ ಸಿಕ್ಕರೆ ಮುಗಿಯಿತು. ಕಾಶಿಯ ವಸತಿಗೃಹದಲ್ಲಿ ಕಾರ್ಡು ಕೊಟ್ಟೆ, ಹೊಸಪೇಟೆ ಆಸ್ಪತ್ರೆಯಲ್ಲಿ ಕೊಟ್ಟೆ, ಔಷಧಿ ಅಂಗಡಿಯಲ್ಲಿ ಕೊಟ್ಟೆ. ಎಲ್ಲಿ ಸೋರಿತೋ ನೀನು ಹೇಗೆ ಹೇಳಬಲ್ಲೆ? ಹೇಳಬೇಕಾದ ಕೆಲಸವೂ ನಿನ್ನದಲ್ಲ. ನಾನು ಅವರನ್ನು ಕೇಳುವ ಪ್ರಶ್ನೆ ಬೇರೆ. 2020ರ ಅಕ್ಟೋಬರಿನಿಂದ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಬಂದ್ ಆಗಿಯೇ ಬರಬೇಕು, ಗ್ರಾಹಕ ಕೇಳಿದರೆ ಮಾತ್ರ ತೆರೆಯಬೇಕು. ನಿನ್ನ ಕಾರ್ಡು ಬಂದದ್ದು ಅದಾದ ಮೇಲೆ. ನಿನ್ನದು ಬಟನ್ ಫೋನು, ಬ್ಯಾಂಕಿನ ಆ್ಯಪ್ ಕಂಡವನೇ ಅಲ್ಲ. ಹಾಗಾದರೆ ಅದನ್ನು ತೆರೆದವರು ಯಾರು, ಯಾವತ್ತು, ಹೇಗೆ? ದಾಖಲೆ ತೋರಿಸಲಿ.

"ನಾನು ಎಚ್ಚರ ತಪ್ಪಿದೆ" ಎಂದು ಅವ್ವನ ಹತ್ತಿರ ಹೇಳುತ್ತಿರುತ್ತೀಯಂತೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೆನಪಿಸುತ್ತೇನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಮೀನು, ಮನೆ ನೋಂದಣಿ ಮಾಡಿಸಿದವರ ಆಧಾರ್ ನಂಬರು, ಹೆಬ್ಬೆಟ್ಟಿನ ಗುರುತುಗಳನ್ನು ಕಾವೇರಿ ಜಾಲತಾಣದ ದಸ್ತಾವೇಜುಗಳಿಂದ ಎತ್ತಿಕೊಂಡು, ನಕಲಿ ಬೆರಳಚ್ಚು ಮಾಡಿ, ಆಧಾರ್ ಮೂಲಕ ದುಡ್ಡು ತೆಗೆಯುವ ವ್ಯವಸ್ಥೆಯಲ್ಲಿ ಖಾತೆಗಳನ್ನು ಬರಿದು ಮಾಡಿದರು. ದುಡ್ಡು ಕಳೆದುಕೊಂಡವರು ಓಟಿಪಿ ಹೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಸರಕಾರಿ ಕಚೇರಿಗೆ ಹೋಗಿ ಕಾನೂನು ಪ್ರಕಾರ ಹೆಬ್ಬೆಟ್ಟು ಒತ್ತಿ ಬಂದಿದ್ದರು, ಅಷ್ಟೇ. ಆಮೇಲೆ ಇಲಾಖೆ ಆ ಬೆರಳಚ್ಚುಗಳನ್ನು ಮರೆಮಾಡಿತು. ಅವರನ್ನು ಎಚ್ಚರಗೇಡಿಗಳು ಎನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ? ಕೂಡ್ಲಿಗಿಯಲ್ಲಿ ನಮ್ಮ ಭಾಗಪತ್ರವೂ ನೋಂದಣಿಯಾಗಿದೆ, ಅದಕ್ಕೇ ಈ ಸಲ ಬಂದಾಗ ನಿನ್ನ, ಅವ್ವನ ಇಬ್ಬರ ಆಧಾರ್ ಬೆರಳಚ್ಚಿಗೂ ಲಾಕ್ ಹಾಕಿಸುತ್ತೇನೆ. ಬೇಕಾದಾಗ ತೆಗೆಯಬಹುದು.

ಓಟಿಪಿ ಹೇಳಿಬಿಟ್ಟವರ ವಿಷಯವನ್ನೂ ಇಲ್ಲಿ ಬರೆಯದೆ ಇರಲಾರೆ. ನಮ್ಮ ಓಣಿಯ ಆ ಅಜ್ಜಿ, "ವಿಧವಾ ವೇತನ ನಿಂತುಹೋಗುತ್ತೆ" ಎಂದು ಯಾರೋ ಹೆದರಿಸಿದ್ದಕ್ಕೆ ನಂಬರು ಹೇಳಿದಳಲ್ಲ, ಅವಳ ಮಟ್ಟಿಗೆ 2017ರ ಆ ಸುತ್ತೋಲೆ ಕಟುವಾಗಿದೆ. ಗುಟ್ಟಿನ ನಂಬರನ್ನು ಗ್ರಾಹಕನೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ಗಳಿಗೆಯವರೆಗಿನ ನಷ್ಟವೆಲ್ಲ ಅವನದೇ, ತಿಳಿಸಿದ ನಂತರದ್ದು ಮಾತ್ರ ಬ್ಯಾಂಕಿನದು. ಬ್ಯಾಂಕಿನಲ್ಲಿ ಕೆಲಸ ಮಾಡುವವಳಾದರೂ ಇದನ್ನು ನಾನು ಒಪ್ಪುವುದಿಲ್ಲ. ಓದು ಬರಹ ಬಾರದವಳನ್ನು ಹೆದರಿಸಿ ಬಾಯಿ ಬಿಡಿಸಿದ್ದನ್ನು ನಿರ್ಲಕ್ಷ್ಯ ಎನ್ನುವುದು ಅನ್ಯಾಯ. ಅಮೆರಿಕದಲ್ಲಿ 1974ರಲ್ಲೇ ಕಾನೂನು ಮಾಡಿ, ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ತಕರಾರು ಎತ್ತಿದ ಗ್ರಾಹಕನಿಗೆ ರಕ್ಷಣೆ ಕೊಟ್ಟರು, ಕಾರ್ಡು ಕಳ್ಳರ ಪಾಲಾದರೂ ಅವನ ಮೇಲಿನ ಹೊಣೆ 50 ಡಾಲರ್ ದಾಟದು. ನಮ್ಮಲ್ಲಿ ಕಾರ್ಡುಗಳನ್ನು ಮನೆಮನೆಗೆ ಹಂಚುವ ಅವಸರ ಮೊದಲು ಬಂತು, ರಕ್ಷಣೆ ಆಮೇಲೆ ಕುಂಟುತ್ತಾ ಬರುತ್ತಿದೆ. "ಜೀವಮಾನ ಪೂರ್ತಿ ಉಚಿತ" ಎಂದು ನಿನ್ನ ಎಫ್‌ಡಿ ಮೇಲೆ ಈ ಕಾರ್ಡು ಹೊರಿಸಿದವರು ಹೊರದೇಶದ ಬಳಕೆಯ ಬಗ್ಗೆ ನಿನ್ನ ಹತ್ತಿರ ಒಂದು ಮಾತಾದರೂ ಆಡಿದ್ದರೇ?

ಈಗ ಬಿಲ್ಲಿನ ವಿಷಯ. ತಮ್ಮ ಕಳಿಸಿದ ಫೋಟೋ ನೋಡಿದೆ. ಅದರಲ್ಲಿ ಔಷಧಿ ಅಂಗಡಿಯದ್ದೂ ಅವ್ವನ ಕನ್ನಡಕದ್ದೂ ನಿನ್ನ ನಿಜವಾದ ಖರ್ಚು. ಅಷ್ಟನ್ನು ನಾನು ಕೊನೆಯ ದಿನಕ್ಕೆ ಮುಂಚೆ ಕಟ್ಟಿಸುತ್ತೇನೆ. ಡಾಲರಿನ ಮೂರು ಸಾಲುಗಳಿಗೆ ಒಂದು ಪೈಸೆಯೂ ಬೇಡ. "ಮಿನಿಮಮ್ ಡ್ಯೂ ಆದ್ರೂ ಕಟ್ರಿ, ಸುಮ್ನಾಗ್ತೀವಿ" ಎಂದು ಆ ಹುಡುಗರು ಹೇಳುತ್ತಾರೆ. ಆ ಲೆಕ್ಕದೊಳಗೆ ಕಳ್ಳನ ಪಾಲೂ ಸೇರಿರುತ್ತದೆ, ಕೇಳಬೇಡ. ವಂಚನೆಯೆಂದು ತಕರಾರು ಹೇಳಿದ ಮೊತ್ತದ ಮೇಲೆ ತಕರಾರು ಇತ್ಯರ್ಥವಾಗುವವರೆಗೆ ಯಾವ ಶುಲ್ಕವನ್ನೂ ಹೇರುವಂತಿಲ್ಲ ಎಂದು 2022ರ ಕಾರ್ಡು ನಿರ್ದೇಶನಗಳಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಬರೆದಿದೆ. ಸಿಬಿಲ್‌ನಲ್ಲಿ ಹೆಸರು ಕೆಡುತ್ತದೆ, ತಮ್ಮನ ಟ್ರ್ಯಾಕ್ಟರ್ ಸಾಲಕ್ಕೆ ತೊಡಕಾಗುತ್ತದೆ ಎಂಬ ಭಯವೂ ನಿನಗಿದೆ. ತಕರಾರು ನಡೆಯುತ್ತಿರುವ ಕಾರ್ಡುಗಳ ವಿಷಯದಲ್ಲಿ ಬಾಕಿದಾರ ಎಂದು ವರದಿ ಮಾಡುವ ಮುನ್ನ ವಿಶೇಷ ಎಚ್ಚರ ಇರಬೇಕೆಂದು ಅದೇ ನಿರ್ದೇಶನ ಹೇಳುತ್ತದೆ. ಅಷ್ಟಾಗಿಯೂ ವರದಿ ಮಾಡಿದರೆ ಅದನ್ನು ತಿದ್ದಿಸುವ ತನಕ ನಾನು ಬಿಡುವುದಿಲ್ಲ.

ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ಫೋನ್ ಮಾಡುವ ಹಾಗಿಲ್ಲ. ಬೈಯುವ, ಅವಮಾನ ಮಾಡುವ, ಮನೆಯವರನ್ನು ಪೀಡಿಸುವ ಅಧಿಕಾರ ಯಾವ ಹೊತ್ತಿನಲ್ಲೂ ಇಲ್ಲ. ಈ ಸಲ ಫೋನ್ ಬಂದರೆ ಒಂದೇ ಮಾತು ಹೇಳು: "ಇದು ವಂಚನೆ, ದೂರು ಕೊಟ್ಟಿದ್ದೇನೆ, ದೂರಿನ ನಂಬರು ಇದು, ಬರಹದಲ್ಲಿ ಮಾತಾಡಿ." ಹೇಳಿ ಇಟ್ಟುಬಿಡು. ಅವರ ಫೋನು ಬಂದ ದಿನ, ಹೊತ್ತು, ನಂಬರು ಮಾತ್ರ ಬರೆದಿಡು.

ಫೋನನ್ನು ಟ್ರಂಕಿನಿಂದ ತೆಗೆ ಅಪ್ಪ. ಆ ಮೂರು ಮೆಸೇಜು ಅದರಲ್ಲಿವೆ, ಅಳಿಸಬೇಡ. ಬ್ಯಾಂಕಿನ ಉತ್ತರ ಬಂದರೂ ಅದಕ್ಕೇ ಬರಬೇಕು. ಒಂದು ಎಚ್ಚರಿಕೆ ಮಾತ್ರ ಇರಲಿ: ಹೀಗೆ ಒಂದು ಸಲ ಕಳೆದುಕೊಂಡವರನ್ನು ಹುಡುಕಿಕೊಂಡು ಇನ್ನೊಂದು ಗುಂಪು ಬರುತ್ತದೆ. "ನಿಮ್ಮ ದುಡ್ಡು ವಾಪಸ್ ಬಂದಿದೆ, ಒಂದು ನಂಬರು ಹೇಳಿ" ಎನ್ನುತ್ತಾರೆ, ಪೊಲೀಸರ ಹೆಸರನ್ನೂ ಹೇಳುತ್ತಾರೆ. ವಾಪಸ್ ಬರುವ ದುಡ್ಡಿಗೆ ನಿನ್ನಿಂದ ಯಾವ ನಂಬರೂ ಬೇಕಾಗುವುದಿಲ್ಲ.

ಸೈಬರ್ ಸಹಾಯವಾಣಿ 1930ಕ್ಕೆ ನಾನು ಇವತ್ತು ವಿಷಯ ತಿಳಿಸಿದ್ದೇನೆ. ದುಡ್ಡು ಹೋದ ಗಂಟೆಯಲ್ಲೇ ಅಲ್ಲಿಗೆ ಹೇಳಿದರೆ, ಅದು ಖಾತೆಯಿಂದ ಖಾತೆಗೆ ದಾಟುವ ಮುನ್ನ ತಡೆಯುವ ಅವಕಾಶ ಇರುತ್ತದೆ. ಈಗ ಆ ಹೊತ್ತು ಮೀರಿದೆ, ಆದರೂ ದೂರು ದಾಖಲಾಗಿರುವುದು ಬ್ಯಾಂಕಿನ ಮುಂದೆ ನಿಲ್ಲಲು ಬೇಕು. ಫೋನಿನಲ್ಲಿ ನೀನು ಹೇಳಿದ್ದು ಮೂರು ದಿನದ ಲೆಕ್ಕಕ್ಕೆ ಆಯಿತು. ಮುಂದೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬೇಕಾದರೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟಿರಬೇಕು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಅಲ್ಲಿಗೆ ಹೋಗಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ, ಕಾಗದದಲ್ಲಿ ಬರೆದು ಅಂಚೆಗೆ ಹಾಕಿದರೂ ಆಗುತ್ತದೆ.

ಅದಕ್ಕೇ ಬ್ಯಾಂಕಿಗೆ ಕೊಡುವ ದೂರನ್ನು ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ನಿನ್ನ ಅಕ್ಷರದಲ್ಲೇ ಎರಡು ಪ್ರತಿ ನಕಲು ಮಾಡು, ದೂರಿನ ನಂಬರನ್ನು ಕ್ಯಾಲೆಂಡರ್ ನೋಡಿ ತುಂಬು, ಸಹಿ ಹಾಕು. ಶನಿವಾರ ರಾತ್ರಿ ನಾನು ಬರುತ್ತೇನೆ, ಸೋಮವಾರಕ್ಕೆ ರಜೆ ಹಾಕಿದ್ದೇನೆ. ಬೆಳಿಗ್ಗೆ ಇಬ್ಬರೂ ಕೂಡ್ಲಿಗಿ ಶಾಖೆಗೆ ಹೋಗಿ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳೋಣ. ಸೀಲು ಹಾಕುವುದಿಲ್ಲ ಎಂದರೆ ಎದುರಿನ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡೋಣ. ಮಾತನ್ನು ನಾನು ಆಡುತ್ತೇನೆ, ನೀನು ನನ್ನ ಪಕ್ಕ ಕೂತಿದ್ದರೆ ಸಾಕು.

ಅವ್ವನಿಗೆ ನಮಸ್ಕಾರ ಹೇಳು. ರಾತ್ರಿ ಊಟ ಬಿಡಬೇಡ, ಬಿಪಿ ಮಾತ್ರೆ ಖಾಲಿ ಹೊಟ್ಟೆಗೆ ನುಂಗಬೇಡ.

ಇಂತಿ ನಿನ್ನ ಪ್ರೀತಿಯ
ಹಿರಿಮಗಳು